ಹುಡುಕಿದವರ ಕಣ್ಣಿಗೆ ನಿಮ್ಮ ಅಂಗಡಿ ಬೀಳುತ್ತದೆಯೇ?

ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಹಿಂದೆ ಮದ್ದೂರಿನಲ್ಲಿ ವಡೆ ತಿಂದು, ಮಂಡ್ಯದಲ್ಲಿ ಚಹಾ ಕುಡಿದು, ಶ್ರೀರಂಗಪಟ್ಟಣದ ಕೋಟೆಯ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಮುಂದೆ ಸಾಗುತ್ತಿದ್ದರು. ರಸ್ತೆ ಬದಿಯಲ್ಲಿ ಒಂದು ಬೋರ್ಡು ಇದ್ದರೆ ಸಾಕು, ವ್ಯಾಪಾರ ತಾನಾಗಿ ನಡೆಯುತ್ತಿತ್ತು. 2023ರ ಮಾರ್ಚ್ 12ರಂದು ಸುಮಾರು 118 ಕಿಲೋಮೀಟರ್ ಉದ್ದದ ಹೊಸ ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಅದು ಊರುಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹಾದುಹೋಗುತ್ತದೆ. ಪ್ರಯಾಣದ ಸಮಯ ಉಳಿಯಿತು, ನಿಜ. ಆದರೆ ಹಳೆಯ ರಸ್ತೆಯ ಅಂಗಡಿಗಳ ಮುಂದೆ ನಿಲ್ಲುತ್ತಿದ್ದ ಕಾರುಗಳ ಸಾಲೂ ಕರಗಿತು.

ಈಗ ಆ ಕಾರಿನಲ್ಲಿ ಕುಳಿತ ಕುಟುಂಬ ಬೋರ್ಡು ನೋಡುವುದಿಲ್ಲ. ಮೊಬೈಲ್ ನೋಡುತ್ತದೆ. "ಶ್ರೀರಂಗಪಟ್ಟಣದಲ್ಲಿ ಮನೆಯೂಟ ಎಲ್ಲಿ ಸಿಗುತ್ತದೆ?", "ಹತ್ತಿರದಲ್ಲಿ ಹಲಾಲ್ ಹೋಟೆಲ್ ಇದೆಯೇ?" ಎಂದು ಗೂಗಲ್‌ಗೆ ಕೇಳುತ್ತದೆ. ಉತ್ತರವಾಗಿ ಬರುವ ಮೊದಲ ಮೂರು-ನಾಲ್ಕು ಹೆಸರುಗಳಲ್ಲಿ ಒಂದನ್ನು ಆರಿಸಿಕೊಂಡು ಹೆದ್ದಾರಿಯಿಂದ ಕೆಳಗಿಳಿಯುತ್ತದೆ. ಎರಡನೆಯ ಪುಟದ ತನಕ ಹೋಗಿ ಹುಡುಕುವ ತಾಳ್ಮೆ ಯಾರಿಗಿದೆ?

ಸಹೋದರಿಯರೇ, ಇದು ದೊಡ್ಡ ಹೋಟೆಲಿನವರ ಚಿಂತೆ, ನಮಗೇನು ಸಂಬಂಧ ಎಂದು ನೀವು ಅಂದುಕೊಳ್ಳಬಹುದು. ಸ್ವಲ್ಪ ಯೋಚಿಸಿ. ಪಾಂಡವಪುರದಲ್ಲಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬುರ್ಖಾ, ರವಿಕೆ ಹೊಲಿಯುವವರಿದ್ದಾರೆ. ಕೆ.ಆರ್.ಪೇಟೆಯಲ್ಲಿ ಮದುವೆ ಮನೆಗಳಿಗೆ ಮೆಹಂದಿ ಹಾಕಲು ಹೋಗುವ ಹೆಣ್ಣುಮಕ್ಕಳಿದ್ದಾರೆ. ನಾಗಮಂಗಲದಲ್ಲಿ ಉಪ್ಪಿನಕಾಯಿ, ಹಪ್ಪಳ, ಶಾವಿಗೆ ಮಾಡಿ ಮಾರುವ ಮನೆಗಳಿವೆ. ಇವರೆಲ್ಲರ ಗಿರಾಕಿಗಳು ಇದುವರೆಗೆ ಓಣಿಯವರು, ನೆಂಟರು, ನೆಂಟರ ನೆಂಟರು. ಆದರೆ ಊರಿಗೆ ಹೊಸದಾಗಿ ವರ್ಗವಾಗಿ ಬಂದ ಶಿಕ್ಷಕಿಗೆ, ಮೈಸೂರಿನಿಂದ ಸೊಸೆಯಾಗಿ ಬಂದ ಹುಡುಗಿಗೆ, ಮದುವೆಗೆಂದು ಊರಿಗೆ ಬರುವ ದುಬೈ ಕುಟುಂಬಕ್ಕೆ ನಿಮ್ಮ ಕೈಕೆಲಸದ ಸುದ್ದಿ ಹೇಳುವವರು ಯಾರು? ಅವರು ಕೇಳುವುದು ಮೊಬೈಲನ್ನೇ. ಅಲ್ಲಿ ನಿಮ್ಮ ಹೆಸರಿಲ್ಲದಿದ್ದರೆ, ನಿಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರೂ ಅವರ ಪಾಲಿಗೆ ನೀವು ಇಲ್ಲ.

ಇದಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ಹುಡುಕುವ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ತಿಳಿದು, ಸತ್ಯವಾದ ಮಾಹಿತಿಯನ್ನು ಸರಿಯಾದ ರೀತಿಯಲ್ಲಿ ಇಟ್ಟರೆ ಸಾಕು.

ಯಂತ್ರ ಹುಡುಕುವುದು ಹೇಗೆ?

ಒಂದು ದೊಡ್ಡ ಗ್ರಂಥಾಲಯವನ್ನು ಕಲ್ಪಿಸಿಕೊಳ್ಳಿ. ಅದರ ಸಿಬ್ಬಂದಿ ಹಗಲೂ ರಾತ್ರಿ ಜಗತ್ತಿನ ಪುಟಗಳನ್ನು ಓದುತ್ತಾ ತಿರುಗುತ್ತಾರೆ. ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಇದ್ದರೆ ಅದನ್ನು ಹಿಡಿದು ಅಲ್ಲಿಗೂ ಹೋಗುತ್ತಾರೆ. ಇದು ಮೊದಲ ಹಂತ. ಓದಿದ ಪುಟದಲ್ಲಿ ಯಾವ ವಿಷಯ, ಯಾವ ಊರು, ಯಾವ ಪದಗಳಿವೆ ಎಂದು ಪಟ್ಟಿ ಬರೆದಿಡುವುದು ಎರಡನೆಯ ಹಂತ. ಯಾರಾದರೂ ಪ್ರಶ್ನೆ ಕೇಳಿದಾಗ ಪಟ್ಟಿಯಿಂದ ತಕ್ಕ ಪುಟಗಳನ್ನು ತೆಗೆದು ಯಾವುದು ಮೊದಲು, ಯಾವುದು ನಂತರ ಎಂದು ಸಾಲಾಗಿ ಜೋಡಿಸುವುದು ಮೂರನೆಯ ಹಂತ. ಸಿಬ್ಬಂದಿಯ ಕೈಗೆ ಸಿಗದ ಪುಟ ಪಟ್ಟಿಯಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಸಾಲಿನಲ್ಲಿ ನಿಲ್ಲುವುದೂ ಇಲ್ಲ.

ಸಾಲಿನಲ್ಲಿ ಮುಂದೆ ನಿಲ್ಲಿಸುವುದು ಯಾರನ್ನು? 1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್ ಗೂಗಲ್ ಕಂಪನಿಯನ್ನು ಸ್ಥಾಪಿಸಿದರು. ಅವರ ಮುಖ್ಯ ಯೋಚನೆ ಸರಳವಾಗಿತ್ತು. ಒಂದು ಪುಟ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದಕ್ಕಿಂತ, ಬೇರೆ ಪುಟಗಳು ಅದರತ್ತ ಕೈ ತೋರಿಸುವುದು ಹೆಚ್ಚು ಬೆಲೆಯುಳ್ಳದ್ದು. ಕೈ ತೋರಿಸಿದವರು ಪ್ರತಿಷ್ಠಿತರಾಗಿದ್ದರೆ ಇನ್ನೂ ಹೆಚ್ಚು ಬೆಲೆ. ಮಗಳಿಗೆ ಸಂಬಂಧ ಬಂದಾಗ ನಾವು ಹುಡುಗನ ಮಾತನ್ನಷ್ಟೇ ಕೇಳಿ ಒಪ್ಪುತ್ತೇವೆಯೇ? ಆ ಊರಿನ ನಾಲ್ಕು ಮನೆಗಳಲ್ಲಿ ವಿಚಾರಿಸುತ್ತೇವೆ. ಯಂತ್ರ ಮಾಡುವುದೂ ಅದನ್ನೇ.

ಇಂದು ಲೆಕ್ಕಕ್ಕೆ ಬರುವ ಅಂಶಗಳು ಬಹಳ. ಪುಟದ ವಿಷಯ ಕೇಳಿದ ಪ್ರಶ್ನೆಗೆ ಹೊಂದುತ್ತದೆಯೇ, ಮೊಬೈಲಿನಲ್ಲಿ ಸರಿಯಾಗಿ ತೆರೆದುಕೊಳ್ಳುತ್ತದೆಯೇ, ಬೇಗ ಬರುತ್ತದೆಯೇ, ಸುರಕ್ಷಿತವೇ, ಬರೆದವರಿಗೆ ಆ ವಿಷಯದ ಸ್ವಂತ ಅನುಭವವಿದೆಯೇ ಎಂಬುದೆಲ್ಲ ಸೇರುತ್ತದೆ. ಆದರೆ ಇವೆಲ್ಲದರ ಬುಡದಲ್ಲಿರುವ ಪ್ರಶ್ನೆ ಒಂದೇ: ಹುಡುಕುವವನಿಗೆ ಈ ಪುಟದಿಂದ ಉಪಯೋಗವಿದೆಯೇ?

ಊರಿನ ಹೆಸರಿನಲ್ಲೇ ಅರ್ಧ ಕೆಲಸ

ನಮ್ಮ ನಾಲ್ಕು ತಾಲೂಕುಗಳಲ್ಲಿ ಒಂದು ವಿಶೇಷ ತೊಡಕಿದೆ. ಅದು ಹೆಸರಿನದು. ಶ್ರೀರಂಗಪಟ್ಟಣವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಕೆಲವರು "ಶ್ರೀರಂಗಪಟ್ನ" ಎಂದು ಮುಗಿಸುತ್ತಾರೆ, ಕೆಲವರು "ಶ್ರೀರಂಗಪಟ್ಟಣಂ" ಎಂದು ಎಳೆಯುತ್ತಾರೆ. ಇತಿಹಾಸ ಓದಿಕೊಂಡ ವಿದೇಶಿ ಪ್ರವಾಸಿ ಇನ್ನೂ ಬ್ರಿಟಿಷರ ಕಾಲದ "ಸೆರಿಂಗಪಟಂ" ಎಂದೇ ಹುಡುಕುತ್ತಾನೆ. ಪಾಂಡವಪುರಕ್ಕೆ ಹಿಂದೆ ಹಿರೋಡೆ ಎಂಬ ಹೆಸರಿತ್ತು, ಬ್ರಿಟಿಷರ ಕಾಗದಪತ್ರಗಳಲ್ಲಿ ಅದು "ಫ್ರೆಂಚ್ ರಾಕ್ಸ್". ಕೆ.ಆರ್.ಪೇಟೆಯಂತೂ ಕೃಷ್ಣರಾಜಪೇಟೆ, ಕೃಷ್ಣರಾಜಪೇಟ್, ಕೆ.ಆರ್.ಪೇಟ್ ಎಂದು ಹಲವು ವೇಷ ಹಾಕುತ್ತದೆ. ಸಾಲದ್ದಕ್ಕೆ ಮೈಸೂರು ಜಿಲ್ಲೆಯ ಕೆ.ಆರ್.ನಗರ, ಬೆಂಗಳೂರಿನ ಕೆ.ಆರ್.ಪುರ ಮತ್ತು ಕೆ.ಆರ್.ಮಾರುಕಟ್ಟೆಯ ಜೊತೆ ಗೊಂದಲ ಬೇರೆ. ಯಂತ್ರ ಈಗ ಬುದ್ಧಿವಂತವಾಗಿದೆ. ಕಾಗುಣಿತದ ಸಣ್ಣ ವ್ಯತ್ಯಾಸವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಆದರೂ ಚಿಕ್ಕ ಊರಿನ, ಚಿಕ್ಕ ವ್ಯಾಪಾರದ ವಿಷಯ ಬಂದಾಗ ನಾವು ಅದಕ್ಕೆ ಸಹಾಯ ಮಾಡಬೇಕಾಗುತ್ತದೆ.

ಹೇಗೆಂದರೆ, ನಿಮ್ಮ ವಿಳಾಸವನ್ನು ಎಲ್ಲೇ ಬರೆದರೂ ಒಂದೇ ರೀತಿಯಲ್ಲಿ, ಪೂರ್ತಿಯಾಗಿ ಬರೆಯಿರಿ. "ಕೆ.ಆರ್.ಪೇಟೆ" ಎಂದು ಬರೆದು ನಿಲ್ಲಿಸದೆ "ಕೃಷ್ಣರಾಜಪೇಟೆ (ಕೆ.ಆರ್.ಪೇಟೆ), ಮಂಡ್ಯ ಜಿಲ್ಲೆ, 571426" ಎಂದು ಸೇರಿಸಿ. ಶ್ರೀರಂಗಪಟ್ಟಣವಾದರೆ 571438, ಪಾಂಡವಪುರವಾದರೆ 571434, ನಾಗಮಂಗಲವಾದರೆ 571432. ಪಿನ್‌ಕೋಡ್‌ಗೆ ಯಾವ ಗೊಂದಲವೂ ಇಲ್ಲ. ಒಂದು ಕಡೆ ಒಂದು ಫೋನ್ ನಂಬರು, ಇನ್ನೊಂದು ಕಡೆ ಬೇರೆ ನಂಬರು, ಒಂದು ಕಡೆ "ಟೈಲರಿಂಗ್", ಇನ್ನೊಂದು ಕಡೆ "ಬೊಟಿಕ್" ಎಂದಿದ್ದರೆ ಯಂತ್ರ ಇವೆರಡೂ ಒಂದೇ ಅಂಗಡಿಯೋ ಬೇರೆ ಬೇರೆಯೋ ಎಂದು ತಡವರಿಸುತ್ತದೆ.

ಸುತ್ತಲಿನ ಪ್ರಸಿದ್ಧ ಸ್ಥಳಗಳನ್ನೂ ಮರೆಯಬೇಡಿ. ಹೊರಗಿನವರು ನಿಮ್ಮ ಓಣಿಯ ಹೆಸರಿನಿಂದ ಹುಡುಕುವುದಿಲ್ಲ. ಗುಂಬಜ್, 1784ರ ದರಿಯಾ ದೌಲತ್, ರಂಗನತಿಟ್ಟು, ಕೆ.ಆರ್.ಎಸ್., ಮೇಲುಕೋಟೆ, ತೊಣ್ಣೂರು ಕೆರೆ, ಹೊಸಹೊಳಲು, ಆದಿಚುಂಚನಗಿರಿ, ಬೆಳ್ಳೂರು ಕ್ರಾಸ್ ಎಂಬ ಹೆಸರುಗಳಿಂದ ಹುಡುಕುತ್ತಾರೆ. ನಿಮ್ಮ ಮನೆಯೂಟದ ಜಾಗ ಗುಂಬಜ್‌ನಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೆ ಹಾಗೆಂದೇ ಬರೆಯಿರಿ. ಇಲ್ಲದಿದ್ದರೆ ಬರೆಯಬೇಡಿ. ಹತ್ತಿರವೆಂದು ನಂಬಿ ಬಿಸಿಲಿನಲ್ಲಿ ನಡೆದು ಬಂದ ಗಿರಾಕಿ ಇನ್ನೊಮ್ಮೆ ಬರುವುದಿಲ್ಲ.

ಪೋಸ್ಟರಿನ ಕನ್ನಡ ಯಂತ್ರಕ್ಕೆ ಕಾಣುವುದಿಲ್ಲ

ಕನ್ನಡದಲ್ಲಿ ಬರೆದರೆ ಗೂಗಲ್‌ನಲ್ಲಿ ಸಿಗುವುದಿಲ್ಲ ಎಂಬ ಮಾತನ್ನು ನೀವು ಕೇಳಿರಬಹುದು. ಈ ಮಾತು ಒಂದು ಕಾಲದಲ್ಲಿ ನಿಜವಾಗಿತ್ತು. ಅದಕ್ಕೆ ಕಾರಣ ಭಾಷೆಯಲ್ಲ, ಅಕ್ಷರವನ್ನು ಗಣಕಯಂತ್ರದೊಳಗೆ ಇಡುವ ರೀತಿ. ಹಳೆಯ ನುಡಿ, ಬರಹ, ಶ್ರೀಲಿಪಿಯಂತಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದರೆ ಪರದೆಯ ಮೇಲೆ ನಮಗೆ ಕನ್ನಡ ಕಾಣುತ್ತಿತ್ತು. ಒಳಗೆ ಮಾತ್ರ ಇಂಗ್ಲಿಷ್ ಅಕ್ಷರಗಳು ಮತ್ತು ಚಿತ್ರವಿಚಿತ್ರ ಚಿಹ್ನೆಗಳು ಇರುತ್ತಿದ್ದವು. ಫಾಂಟ್ ಇಲ್ಲದ ಯಂತ್ರಕ್ಕೆ ಅದು ಅರ್ಥವಿಲ್ಲದ ಗೀಚು. 2000ದ ದಶಕದಲ್ಲಿ ಕನ್ನಡದ ಎಷ್ಟೋ ಪುಟಗಳು ಹೀಗೆ ಅಂತರ್ಜಾಲದಲ್ಲಿ ಇದ್ದೂ ಇಲ್ಲದಂತಾಗಿದ್ದವು.

ಯೂನಿಕೋಡ್ ಎಂಬ ಜಾಗತಿಕ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆಯಿದೆ. ಅದರಲ್ಲಿ ಬರೆದದ್ದು ಎಲ್ಲ ಯಂತ್ರಕ್ಕೂ ಕನ್ನಡವಾಗಿಯೇ ಕಾಣುತ್ತದೆ. ನಿಮ್ಮ ಮೊಬೈಲಿನ ಕನ್ನಡ ಕೀಬೋರ್ಡು ಬರೆಯುವುದು ಯೂನಿಕೋಡ್‌ನಲ್ಲೇ. ಆದ್ದರಿಂದ ಮೊಬೈಲಿನಲ್ಲಿ ಬರೆಯುವವರಿಗೆ ತೊಂದರೆಯಿಲ್ಲ. ಡಿ.ಟಿ.ಪಿ. ಅಂಗಡಿಯಲ್ಲಿ ಹಳೆಯ ಫಾಂಟ್‌ನಲ್ಲಿ ಮಾಡಿಸಿದ ಕರಪತ್ರದ ಸಾಲುಗಳನ್ನು ಹಾಗೆಯೇ ಜಾಲತಾಣಕ್ಕೆ ಹಾಕಿಸುವವರು ಮಾತ್ರ ಒಮ್ಮೆ ಪರೀಕ್ಷಿಸಿಕೊಳ್ಳಿ.

ಇಂದಿನ ದೊಡ್ಡ ತಪ್ಪು ಬೇರೆಯದು. ಬೆಲೆಪಟ್ಟಿ, ಫೋನ್ ನಂಬರು, ವಿಳಾಸ ಎಲ್ಲವನ್ನೂ ಒಂದು ಬಣ್ಣಬಣ್ಣದ ಚಿತ್ರದೊಳಗೆ ಸೇರಿಸಿ ವಾಟ್ಸ್ಯಾಪ್ ಸ್ಟೇಟಸ್‌ನಲ್ಲಿ ಹಾಕುತ್ತೇವೆ. ಅದೇ ಚಿತ್ರವನ್ನು ಜಾಲತಾಣದಲ್ಲೂ ಅಂಟಿಸುತ್ತೇವೆ. ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಾಯವಾಗುತ್ತದೆ, ಗೂಗಲ್‌ಗೆ ಅದು ಕಾಣುವುದೇ ಇಲ್ಲ. ಚಿತ್ರದೊಳಗಿನ ಅಕ್ಷರವನ್ನು ಯಂತ್ರ ಓದೀತೆಂದು ನಂಬಿ ಕೂರುವಂತಿಲ್ಲ. ಚಿತ್ರ ಇರಲಿ, ಅದರ ಕೆಳಗೆ ಅದೇ ವಿಷಯವನ್ನು ಅಕ್ಷರದಲ್ಲೂ ಬರೆಯಿರಿ.

ಯಾವ ಭಾಷೆಯಲ್ಲಿ ಬರೆಯಬೇಕು? ನಮ್ಮ ಮನೆಗಳಲ್ಲಿ ದಖನಿ ಉರ್ದು, ಸಂತೆಯಲ್ಲಿ ಕನ್ನಡ, ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್. ಹುಡುಕುವವರೂ ಹೀಗೆಯೇ ಇದ್ದಾರೆ. 2017ರ ಆಗಸ್ಟ್‌ನಲ್ಲಿ ಗೂಗಲ್ ಕನ್ನಡ, ಉರ್ದು ಸೇರಿ ಭಾರತದ ಇನ್ನೂ ಎಂಟು ಭಾಷೆಗಳಲ್ಲಿ ಬಾಯಿಮಾತಿನಿಂದ ಹುಡುಕುವ ಸೌಲಭ್ಯ ಕೊಟ್ಟಿತು. ಅಕ್ಷರ ಬಾರದ ಅಜ್ಜಿಯೂ ಈಗ ಮೈಕ್ ಒತ್ತಿ ಕೇಳಬಲ್ಲರು. ಆದ್ದರಿಂದ ಜನ ಆಡುವ ಮಾತಿನಲ್ಲಿ ಬರೆಯಿರಿ. ನಾವು ಮೆಹಂದಿ ಎನ್ನುತ್ತೇವೆ, ಪಕ್ಕದ ಮನೆಯ ಗೌಡರ ಹೆಂಡತಿ ಗೋರಂಟಿ ಎನ್ನುತ್ತಾರೆ, ಕರಾವಳಿಯಿಂದ ಬಂದವರು ಮದರಂಗಿ ಎನ್ನುತ್ತಾರೆ. ಒಬ್ಬರಿಗೆ ಬುರ್ಖಾ, ಇನ್ನೊಬ್ಬರಿಗೆ ಅಬಾಯ. ಒಬ್ಬರಿಗೆ ಶಾವಿಗೆ, ಇನ್ನೊಬ್ಬರಿಗೆ ಸೇವಯಿ. ಈ ಪದಗಳೆಲ್ಲ ನಿಮ್ಮ ವಿವರಣೆಯೊಳಗೆ ಸಹಜವಾಗಿ ಒಮ್ಮೊಮ್ಮೆ ಬರಲಿ. ಕನ್ನಡದಲ್ಲಿ ಒಂದು ಭಾಗ, ಇಂಗ್ಲಿಷ್‌ನಲ್ಲಿ ಒಂದು ಭಾಗ ಇದ್ದರೆ ಇನ್ನೂ ಒಳ್ಳೆಯದು.

ನಾವು ಬರೆಯದಿದ್ದರೆ ಬೇರೆಯವರು ಬರೆಯುತ್ತಾರೆ

2021ರ ಜೂನ್ ತಿಂಗಳಲ್ಲಿ ನಡೆದ ಒಂದು ಪ್ರಸಂಗ ನಿಮಗೆ ನೆನಪಿರಬಹುದು. ಭಾರತದ ಅತಿ ಕುರೂಪ ಭಾಷೆ ಯಾವುದು ಎಂದು ಇಂಗ್ಲಿಷ್‌ನಲ್ಲಿ ಹುಡುಕಿದವರಿಗೆ ಗೂಗಲ್ ಕನ್ನಡದ ಹೆಸರನ್ನು ತೋರಿಸಿತು. ನಾಡಿನಾದ್ಯಂತ ಆಕ್ರೋಶ ಎದ್ದಿತು. ರಾಜ್ಯ ಸರ್ಕಾರ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟಿತು. ಗೂಗಲ್ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಅದು ಕಂಪನಿಯ ಅಭಿಪ್ರಾಯವಲ್ಲವೆಂದೂ ಹೇಳಿತು.

ಯಂತ್ರಕ್ಕೆ ಕನ್ನಡದ ಮೇಲೆ ದ್ವೇಷವಿತ್ತೇ? ಇರಲಿಲ್ಲ. ಎಲ್ಲಿಯದೋ ಒಂದು ಅಪ್ರಸಿದ್ಧ ಪುಟದಲ್ಲಿ ಯಾರೋ ಆ ಮಾತನ್ನು ಬರೆದಿಟ್ಟಿದ್ದರು. ಪ್ರಶ್ನೆಯ ಪದಗಳೂ ಆ ಪುಟದ ಪದಗಳೂ ಹೊಂದಿದವು. ಅಂಥ ಮೂರ್ಖ ಪ್ರಶ್ನೆಗೆ ಉತ್ತರಿಸುವ ಒಳ್ಳೆಯ ಪುಟ ಬೇರೆ ಇರಲಿಲ್ಲ. ಖಾಲಿ ಗದ್ದೆಯಲ್ಲಿ ಕಳೆಯೇ ಬೆಳೆ. ಎರಡು ಸಾವಿರ ವರ್ಷಗಳ ಇತಿಹಾಸವುಳ್ಳ ಭಾಷೆಗೇ ಹೀಗಾದರೆ ನಮ್ಮ ಸಣ್ಣ ಊರುಗಳ ಪಾಡೇನು?

2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ಸಂದರ್ಭದಲ್ಲಿ ಗಲಭೆಯಾಯಿತು. ಅಂಗಡಿಗಳು ಬೆಂಕಿಗೆ ಆಹುತಿಯಾದವು. ದೇಶದ ಪತ್ರಿಕೆಗಳೂ ವಾಹಿನಿಗಳೂ ಅದನ್ನು ಬರೆದವು. ಬರೆಯಲೇಬೇಕಿತ್ತು. ಆದರೆ ಅಂತರ್ಜಾಲದಲ್ಲಿ ಬರೆದದ್ದು ವರ್ಷಗಟ್ಟಲೆ ಉಳಿಯುತ್ತದೆ. ದೂರದ ಊರಿನಲ್ಲಿ ಕುಳಿತು ನಾಗಮಂಗಲ ಎಂದು ಟೈಪ್ ಮಾಡುವವರಿಗೆ ಆ ಒಂದು ರಾತ್ರಿ ಸಿಗುತ್ತದೆ. ಹೊಯ್ಸಳರ ಕಾಲದ ಸೌಮ್ಯಕೇಶವ ದೇವಾಲಯ, ಲೋಹದ ಮೂರ್ತಿ ಎರಕ ಹೊಯ್ಯುವ ಕುಶಲಕರ್ಮಿಗಳು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಬಟ್ಟೆ ಹೊಲಿದುಕೊಡುವ ದಿನನಿತ್ಯದ ಬದುಕು ಅದಕ್ಕಿಂತ ಎಷ್ಟೋ ದೊಡ್ಡದು. ಅದನ್ನು ಬರೆದಿಡುವವರು ಮಾತ್ರ ಕಡಿಮೆ. ಒಂದು ಹೊಲಿಗೆ ಅಂಗಡಿಯ ಪುಟ, ಒಂದು ಅಡುಗೆಮನೆಯ ಪುಟ, ಅದರ ಕೆಳಗೆ ಎಲ್ಲ ಸಮುದಾಯದ ಗಿರಾಕಿಗಳು ಬರೆದ ನಾಲ್ಕು ಒಳ್ಳೆಯ ಮಾತು: ಇವೂ ಊರಿನ ಚಿತ್ರವೇ. ನಿಮ್ಮ ಪುಟ ನಿಮ್ಮ ಸಂಪಾದನೆಗೆ ಮಾತ್ರವಲ್ಲ, ನಿಮ್ಮ ಊರಿನ ಮಾನಕ್ಕೂ ಸೇರಿದ್ದು.

ಮೊದಲ ಹೆಜ್ಜೆ: ನಕ್ಷೆಯಲ್ಲಿ ಹೆಸರು

ಜಾಲತಾಣ ಮಾಡಿಸುವ ಮೊದಲು ಮಾಡಬೇಕಾದ ಕೆಲಸವೊಂದಿದೆ. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ನಿಮ್ಮ ವ್ಯಾಪಾರವನ್ನು ನೋಂದಾಯಿಸುವುದು. 2021ರ ತನಕ ಇದಕ್ಕೆ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿತ್ತು. ಇದು ಸಂಪೂರ್ಣ ಉಚಿತ. "ಹತ್ತಿರದ ಟೈಲರ್" ಎಂದು ಹುಡುಕಿದಾಗ ನಕ್ಷೆಯ ಜೊತೆ ಬರುವ ಹೆಸರುಗಳು ಇಲ್ಲಿಂದಲೇ ಬರುತ್ತವೆ.

ಈ ಪಟ್ಟಿಯಲ್ಲಿ ಸಾಲು ನಿರ್ಧರಿಸಲು ಮೂರು ಸಂಗತಿಗಳನ್ನು ನೋಡುವುದಾಗಿ ಗೂಗಲ್ ತಾನೇ ತಿಳಿಸಿದೆ. ಕೇಳಿದ ವಿಷಯಕ್ಕೆ ನಿಮ್ಮ ಕೆಲಸ ಎಷ್ಟು ಹೊಂದುತ್ತದೆ, ಹುಡುಕುವವರಿಂದ ನೀವು ಎಷ್ಟು ದೂರವಿದ್ದೀರಿ, ನಿಮ್ಮ ಹೆಸರು ಎಷ್ಟು ಪರಿಚಿತ. ದೂರವನ್ನು ನೀವು ಬದಲಾಯಿಸಲಾರಿರಿ. ಶ್ರೀರಂಗಪಟ್ಟಣದಿಂದ ಮೈಸೂರು ಸುಮಾರು 15 ಕಿಲೋಮೀಟರ್. ಮೈಸೂರಿನ ಮಧ್ಯದಲ್ಲಿ ಕುಳಿತು ಹುಡುಕುವವರಿಗೆ ಅಲ್ಲಿನ ಅಂಗಡಿಗಳೇ ಮೊದಲು ಬರುತ್ತವೆ. ಅದಕ್ಕೆ ಬೇಸರ ಬೇಡ. ನಿಮ್ಮ ಪೈಪೋಟಿ ಇರುವುದು ನಿಮ್ಮ ತಾಲೂಕಿನಲ್ಲಿ, ಅಲ್ಲಿ ಪಟ್ಟಿ ಇನ್ನೂ ಚಿಕ್ಕದು.

ಹೊಂದಾಣಿಕೆಯನ್ನು ಮಾತ್ರ ನೀವು ಪೂರ್ತಿ ಸರಿಪಡಿಸಬಹುದು. ವ್ಯಾಪಾರದ ವಿಧವನ್ನು ನಿಖರವಾಗಿ ಆರಿಸಿ. ಕೆಲಸದ ಸಮಯವನ್ನು ಸರಿಯಾಗಿ ಹಾಕಿ. ರಂಝಾನ್‌ನಲ್ಲಿ ಸಮಯ ಬದಲಾದರೆ, ಹಬ್ಬದ ದಿನ ಮುಚ್ಚಿದ್ದರೆ ಅದನ್ನೂ ನಮೂದಿಸಿ. ನೀವೇ ಹೊಲಿದ, ನೀವೇ ಮಾಡಿದ ವಸ್ತುಗಳ ಫೋಟೋ ಹಾಕಿ. ಬೇರೆ ಕಡೆಯಿಂದ ಕದ್ದ ಫೋಟೋ ಬೇಡ.

ಇಲ್ಲಿ ಹೆಣ್ಣುಮಕ್ಕಳು ಗಮನಿಸಬೇಕಾದ ಬಹು ಮುಖ್ಯ ಸಂಗತಿಯೊಂದಿದೆ. ಮನೆಯ ವಿಳಾಸ ಜಗತ್ತಿಗೆಲ್ಲ ಕಾಣಬೇಕೇ? ಬೇಕಿಲ್ಲ. ಗಿರಾಕಿಗಳು ನಿಮ್ಮ ಮನೆಗೆ ಬರದೆ, ನೀವೇ ಅವರಲ್ಲಿಗೆ ಹೋಗಿ ಕೆಲಸ ಮಾಡುವುದಾದರೆ ಅಥವಾ ತಲುಪಿಸುವುದಾದರೆ, ವಿಳಾಸವನ್ನು ಮರೆಮಾಡಿ ಸೇವೆ ಕೊಡುವ ಪ್ರದೇಶಗಳನ್ನು ಮಾತ್ರ ತೋರಿಸುವ ಅವಕಾಶವಿದೆ. ಹೀಗೆ ಇಪ್ಪತ್ತು ಪ್ರದೇಶಗಳ ತನಕ ಹಾಕಬಹುದು. ನಮ್ಮ ನಾಲ್ಕೂ ತಾಲೂಕುಗಳು ಅದರಲ್ಲಿ ಬಂದುಬಿಡುತ್ತವೆ. ಮನೆಯವರ ಸ್ವಂತ ನಂಬರಿನ ಬದಲು ವ್ಯಾಪಾರಕ್ಕೆಂದೇ ಪ್ರತ್ಯೇಕ ಸಿಮ್ ಇಟ್ಟುಕೊಳ್ಳಿ. ನಿಮ್ಮ ಮುಖದ ಫೋಟೋ ಹಾಕಲೇಬೇಕೆಂಬ ನಿಯಮವಿಲ್ಲ. ಹೊಲಿದ ಬಟ್ಟೆ, ಮೆಹಂದಿಯ ವಿನ್ಯಾಸ, ತಟ್ಟೆಯಲ್ಲಿಟ್ಟ ತಿನಿಸು ಸಾಕು. ನೋಂದಣಿಯನ್ನು ದೃಢಪಡಿಸಲು ಕೆಲಸದ ಜಾಗದ ಒಂದು ಕಿರು ವೀಡಿಯೋ ಕೇಳಬಹುದು, ಅದು ಸಾರ್ವಜನಿಕವಾಗಿ ಪ್ರಕಟವಾಗುವುದಿಲ್ಲ.

ಒಂದು ಮಿತಿಯಿದೆ. ಗಿರಾಕಿಯನ್ನು ಎಂದೂ ಮುಖತಃ ಕಾಣದೆ ಕೇವಲ ಅಂಚೆ, ಕೊರಿಯರ್‌ನಲ್ಲಿ ಕಳಿಸುವ ವ್ಯಾಪಾರಕ್ಕೆ ಈ ಪ್ರೊಫೈಲ್ ಸಿಗುವುದಿಲ್ಲ. ಅಂಥವರಿಗೆ ಸ್ವಂತ ಜಾಲತಾಣವೇ ದಾರಿ. ಹಿಂದೆ ಈ ಪ್ರೊಫೈಲ್ ಜೊತೆಗೇ ಗೂಗಲ್ ಒಂದು ಉಚಿತ ಜಾಲತಾಣ ಮಾಡಿಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಹಳೆಯ ಆ ವಿಳಾಸವನ್ನು ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಂಡವರು ಈಗಲಾದರೂ ಬದಲಾಯಿಸಿಕೊಳ್ಳಿ.

ಪುಟದಲ್ಲಿ ಏನು ಬರೆಯಬೇಕು?

ಪಾಂಡವಪುರದ ಒಬ್ಬ ಸಹೋದರಿ ಬೆಲ್ಲ ಹಾಕಿದ ಸಿಹಿತಿನಿಸು ಮಾಡಿ ಮಾರುತ್ತಾರೆ ಎಂದಿಟ್ಟುಕೊಳ್ಳೋಣ. ಬೆಲ್ಲ ಮಂಡ್ಯದ ಹೆಮ್ಮೆ. ಕೇಂದ್ರ ಸರ್ಕಾರದ "ಒಂದು ಜಿಲ್ಲೆ ಒಂದು ಉತ್ಪನ್ನ" ಪಟ್ಟಿಯಲ್ಲಿ ಮಂಡ್ಯಕ್ಕೆ ಸಿಕ್ಕಿದ್ದೂ ಬೆಲ್ಲವೇ. ಅವರ ಪುಟದ ತಲೆಬರಹ "ಸ್ವಾಗತ" ಎಂದಿದ್ದರೆ ಯಂತ್ರಕ್ಕೆ ಏನೂ ತಿಳಿಯದು. "ಪಾಂಡವಪುರದಲ್ಲಿ ಮನೆಯಲ್ಲೇ ಮಾಡಿದ ಬೆಲ್ಲದ ಸಿಹಿತಿನಿಸು" ಎಂದಿದ್ದರೆ ಓದುವವರಿಗೂ ಯಂತ್ರಕ್ಕೂ ಒಂದೇ ಸಾಲಿನಲ್ಲಿ ಎಲ್ಲ ತಿಳಿಯುತ್ತದೆ. ಪುಟದ ಹೆಸರು, ಅದರೊಳಗಿನ ಮೊದಲ ಶೀರ್ಷಿಕೆ, ಮೊದಲ ವಾಕ್ಯ ಈ ಮೂರರಲ್ಲಿ ಕೆಲಸ ಮತ್ತು ಊರು ಸ್ಪಷ್ಟವಾಗಿರಲಿ.

ನಂತರ, ಗಿರಾಕಿಗಳು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನೇ ಒಂದು ವಾರ ನೋಟ್‌ಬುಕ್‌ನಲ್ಲಿ ಬರೆದಿಡಿ. "ಕೆ.ಜಿ.ಗೆ ಎಷ್ಟು?", "ಎಷ್ಟು ದಿನ ಇಡಬಹುದು?", "ಮದುವೆಗೆ ಎಷ್ಟು ದಿನ ಮೊದಲು ಹೇಳಬೇಕು?", "ಯಾವ ಬೆಲ್ಲ ಹಾಕುತ್ತೀರಿ?", "ಮೈಸೂರಿಗೆ ಕಳಿಸುತ್ತೀರಾ?" ಇವೇ ನಿಮ್ಮ ಪುಟದ ವಿಷಯಗಳು. ಒಂದೊಂದು ಪ್ರಶ್ನೆಗೂ ಎರಡು-ಮೂರು ವಾಕ್ಯಗಳ ನೇರ ಉತ್ತರ ಬರೆಯಿರಿ. ಫೋನಿನಲ್ಲಿ ಕೇಳುವವರು ಗೂಗಲ್‌ನಲ್ಲಿ ಕೇಳುವುದೂ ಅದನ್ನೇ. 2024ರ ಆಗಸ್ಟ್‌ನಿಂದ ಭಾರತದಲ್ಲೂ ಗೂಗಲ್ ಕೆಲವು ಪ್ರಶ್ನೆಗಳಿಗೆ ಪುಟಗಳ ಪಟ್ಟಿಯ ಮೇಲೆ ತಾನೇ ಸಿದ್ಧಪಡಿಸಿದ ಸಾರಾಂಶವನ್ನು ತೋರಿಸತೊಡಗಿದೆ. ಅದಕ್ಕೂ ಬೇಕಾದುದು ಇಂಥ ನೇರ ಉತ್ತರಗಳೇ.

ತಿನ್ನುವ ಪದಾರ್ಥ ಮಾರುವವರು ಎಫ್.ಎಸ್.ಎಸ್.ಎ.ಐ. ನೋಂದಣಿ ಮಾಡಿಸಿಕೊಂಡು ಅದರ ಸಂಖ್ಯೆಯನ್ನು ಪುಟದಲ್ಲಿ ಹಾಕಿ. ನೋಂದಣಿ ಕಾನೂನಿಗೂ ಬೇಕು, ಗಿರಾಕಿಯ ವಿಶ್ವಾಸಕ್ಕೂ ಬೇಕು.

ಫೋಟೋಗಳನ್ನು ಹಾಕುವಾಗ ಗಾತ್ರ ಕಡಿಮೆ ಮಾಡಿ ಹಾಕಿ. ಹಳ್ಳಿಯ ನಿಧಾನ ನೆಟ್‌ವರ್ಕ್‌ನಲ್ಲಿ ಭಾರವಾದ ಪುಟ ತೆರೆಯುವಷ್ಟರಲ್ಲಿ ಗಿರಾಕಿ ಬೇರೆ ಕಡೆ ಹೋಗಿರುತ್ತಾರೆ. ಪ್ರತಿ ಚಿತ್ರಕ್ಕೂ "ಬೆಲ್ಲದ ಕಡಲೆ ಮಿಠಾಯಿ, ಅರ್ಧ ಕೆ.ಜಿ. ಡಬ್ಬಿ" ಎಂಬಂತಹ ವಿವರಣೆ ಬರೆಯಿರಿ. ಪುಟ ಸಿದ್ಧವಾದ ಮೇಲೆ ಸರ್ಚ್ ಕನ್ಸೋಲ್ ಎಂಬ ಗೂಗಲ್‌ನ ಉಚಿತ ಸೌಲಭ್ಯದಲ್ಲಿ ಅದನ್ನು ಸೇರಿಸಿ. ಯಾವ ಪದದಿಂದ ಹುಡುಕಿದವರಿಗೆ ನಿಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಎಂದು ಅದು ತೋರಿಸುತ್ತದೆ. ಕಾಲೇಜಿಗೆ ಹೋಗುವ ಮಗಳು ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿತು ನಿಮಗೆ ಕಲಿಸಬಲ್ಲಳು.

ಅಡ್ಡದಾರಿಗಳಿಂದ ದೂರವಿರಿ

ಮುಂದಿನ ಸಾಲಿನಲ್ಲಿ ನಿಲ್ಲಬೇಕೆಂಬ ಆಸೆಯಿಂದ ಅಡ್ಡದಾರಿ ಹಿಡಿದವರು ಮೊದಲಿನಿಂದಲೂ ಇದ್ದಾರೆ. ಪುಟದ ತುಂಬ ಒಂದೇ ಪದವನ್ನು ನೂರು ಸಲ ತುರುಕಿದರು. ಯಂತ್ರಕ್ಕೆ ಮಾತ್ರ ಕಾಣುವ ಪದಪಟ್ಟಿಯನ್ನು ಬಚ್ಚಿಟ್ಟರು. ಆ ಪಟ್ಟಿಯನ್ನು ತಾನು ಲೆಕ್ಕಕ್ಕೇ ಹಿಡಿಯುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ. ಬೇರೆ ತಾಣಗಳಿಂದ ಹಣಕ್ಕೆ ಕೊಂಡಿಗಳನ್ನು ಕೊಂಡವರನ್ನು 2012ರ ಬದಲಾವಣೆ ಹಿಂದಕ್ಕೆ ತಳ್ಳಿತು. ಅದರ ಹಿಂದಿನ ವರ್ಷದ ಬದಲಾವಣೆ, ಅಲ್ಲಿಲ್ಲಿಂದ ನಕಲು ಮಾಡಿ ಪುಟ ತುಂಬಿಸಿದವರನ್ನು ಕೆಳಗಿಳಿಸಿತ್ತು. ಇಂದು ಕೆಲವರು ಅಂಗಡಿಯ ಹೆಸರಿಗೇ "ಅತ್ಯುತ್ತಮ, ಅಗ್ಗದ, ನಂಬರ್ ಒನ್" ಎಂದು ಬಾಲ ಕಟ್ಟುತ್ತಾರೆ. ಅದು ನಿಯಮಕ್ಕೆ ವಿರುದ್ಧ, ಪ್ರೊಫೈಲೇ ರದ್ದಾಗಬಹುದು.

ಇವೆಲ್ಲಕ್ಕಿಂತ ಕೆಟ್ಟದ್ದು ಸುಳ್ಳು ವಿಮರ್ಶೆ. ಅಣ್ಣ, ತಮ್ಮ, ನಾದಿನಿಯರಿಂದ ಐದು ನಕ್ಷತ್ರ ಹಾಕಿಸುವುದು, ರಿಯಾಯಿತಿ ಕೊಟ್ಟು ಹೊಗಳಿಕೆ ಬರೆಸುವುದು, ಪಕ್ಕದ ಅಂಗಡಿಗೆ ಒಂದು ನಕ್ಷತ್ರ ಕೊಟ್ಟು ಕೆಳಗಿಳಿಸುವುದು. ಗೂಗಲ್ ಇದನ್ನು ನಿಷೇಧಿಸಿದೆ. ಭಾರತೀಯ ಮಾನಕ ಬ್ಯೂರೋ 2022ರ ನವೆಂಬರ್‌ನಲ್ಲಿ ಆನ್‌ಲೈನ್ ವಿಮರ್ಶೆಗಳಿಗೆಂದೇ ಒಂದು ಮಾನದಂಡವನ್ನು ಹೊರತಂದಿದೆ. ಆದರೆ ನಮಗೆ ಕಾನೂನಿನ ಮಾತೇ ಬೇಕೇ? ತಕ್ಕಡಿಯಲ್ಲಿ ಹೆಬ್ಬೆರಳು ಒತ್ತಿ ತೂಗುವುದಕ್ಕೂ ಸುಳ್ಳು ವಿಮರ್ಶೆ ಬರೆಸುವುದಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ಮೋಸ ಹೋಗುವವರು ನಿಮ್ಮನ್ನು ನಂಬಿ ಬಂದವರು. ಅದು ಸುಳ್ಳು ಸಾಕ್ಷಿ, ಆ ಸಂಪಾದನೆಯಲ್ಲಿ ಬರಕತ್ ಇರುವುದಿಲ್ಲ.

ನಿಜವಾದ ಗಿರಾಕಿಯನ್ನು ಕೇಳಲು ಸಂಕೋಚ ಬೇಡ. ಬಟ್ಟೆ ಒಯ್ಯುವಾಗ "ನಿಮಗೆ ಅನಿಸಿದ್ದನ್ನು ನಾಲ್ಕು ಸಾಲು ಬರೆಯಿರಿ" ಎಂದು ಹೇಳಿ. ಒಳ್ಳೆಯದನ್ನೇ ಬರೆಯಿರಿ ಎನ್ನಬೇಡಿ. ಯಾರಾದರೂ ದೂರು ಬರೆದರೆ ಕೋಪಿಸಿಕೊಳ್ಳದೆ "ಅಳತೆ ತಪ್ಪಿದ್ದಕ್ಕೆ ವಿಷಾದವಿದೆ, ತಂದುಕೊಡಿ, ಸರಿಮಾಡಿ ಕೊಡುತ್ತೇವೆ" ಎಂದು ಉತ್ತರಿಸಿ. ಹೊಗಳಿಕೆಗಿಂತ ಅಂಥ ಒಂದು ಉತ್ತರ ಹೆಚ್ಚು ಗಿರಾಕಿಗಳನ್ನು ತರಬಹುದು.

ಇನ್ನೊಂದು ಎಚ್ಚರಿಕೆ. ನಿಮ್ಮ ನಂಬರು ಪಟ್ಟಿಯಲ್ಲಿ ಬಂದ ಕೆಲವೇ ದಿನಗಳಲ್ಲಿ ಕರೆಗಳು ಶುರುವಾಗುತ್ತವೆ. "ನಾವು ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಹಣ ಕಟ್ಟದಿದ್ದರೆ ನಿಮ್ಮ ಹೆಸರು ತೆಗೆದುಹಾಕುತ್ತೇವೆ" ಎನ್ನುತ್ತಾರೆ. "ಇಷ್ಟು ಕೊಟ್ಟರೆ ಮೊದಲ ಸ್ಥಾನ ಗ್ಯಾರಂಟಿ" ಎನ್ನುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ಲೇ ಸ್ಪಷ್ಟಪಡಿಸಿದೆ. ಪ್ರೊಫೈಲ್‌ಗೆ ಶುಲ್ಕವಿಲ್ಲ. ಹಣ ಕೊಟ್ಟು ಜಾಹೀರಾತು ಹಾಕಿಸಬಹುದು, ಆದರೆ ಅದು ಜಾಹೀರಾತೆಂದೇ ಕಾಣುತ್ತದೆ, ಹಣ ನಿಂತ ದಿನ ಅದೂ ನಿಲ್ಲುತ್ತದೆ. ಓ.ಟಿ.ಪಿ. ಯಾರಿಗೂ ಹೇಳಬೇಡಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಜಾಲತಾಣವನ್ನು ಬೇರೆಯವರಿಂದ ಮಾಡಿಸುವುದಾದರೆ ವಿಳಾಸದ ನೋಂದಣಿ, ಪ್ರೊಫೈಲಿನ ಒಡೆತನ ಎರಡೂ ನಿಮ್ಮ ಸ್ವಂತ ಇಮೇಲ್ ಖಾತೆಯಲ್ಲಿರಲಿ. ಮಾಡಿಕೊಟ್ಟವರ ಖಾತೆಯಲ್ಲಿದ್ದರೆ ಅವರು ಊರು ಬಿಟ್ಟ ದಿನ ನಿಮ್ಮ ಅಂಗಡಿಯ ಕೀಲಿಕೈ ಅವರೊಂದಿಗೇ ಹೋಗುತ್ತದೆ. ಬಾಡಿಗೆ ಕರಾರು ನಮ್ಮ ಹೆಸರಿನಲ್ಲಿದೆಯೇ ಎಂದು ನೋಡುವ ನಾವು ಇದನ್ನೂ ನೋಡಬೇಕು.

ಈ ತಿಂಗಳಲ್ಲೇ ಆರಂಭಿಸಿ

ಮೊದಲ ವಾರ ಪ್ರೊಫೈಲ್ ನೋಂದಾಯಿಸಿ. ಎರಡನೆಯ ವಾರ ಗಿರಾಕಿಗಳ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಉತ್ತರ ಸಿದ್ಧಪಡಿಸಿ. ಮೂರನೆಯ ವಾರ ನಿಮ್ಮದೇ ಕೆಲಸದ ಹತ್ತು ಒಳ್ಳೆಯ ಫೋಟೋ ತೆಗೆಯಿರಿ. ನಾಲ್ಕನೆಯ ವಾರ ಹಳೆಯ ಐದು ಗಿರಾಕಿಗಳಿಗೆ ವಿಮರ್ಶೆ ಬರೆಯಲು ಹೇಳಿ. ಸ್ವಸಹಾಯ ಸಂಘದಲ್ಲಿರುವವರು ಎಲ್ಲರ ಕೆಲಸವನ್ನೂ ಸೇರಿಸಿ ಒಂದೇ ಜಾಲತಾಣ ಮಾಡಿಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಪುಟಗಳೂ ಹೆಚ್ಚುತ್ತವೆ.

ಫಲ ಮರುದಿನವೇ ಬರುವುದಿಲ್ಲ. ಜಾಲತಾಣ ಸುಧಾರಿಸಿದ ಮೇಲೆ ಲಾಭ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯಬಹುದೆಂದು ಗೂಗಲ್‌ನವರೇ ಹೇಳಿದ್ದಾರೆ. ಕಬ್ಬು ಬೆಳೆಯುವ ನಾಡಿನವರಾದ ನಮಗೆ ಇದು ಹೊಸದೇನಲ್ಲ. ನೆಟ್ಟ ಕಬ್ಬು ಆಲೆಮನೆ ಸೇರಲೂ ವರ್ಷ ಬೇಕು. ನಡುವೆ ನೀರು ಹಾಯಿಸುವುದು, ಕಳೆ ತೆಗೆಯುವುದು ನಮ್ಮ ಕೆಲಸ. ತಿಂಗಳಿಗೊಮ್ಮೆ ಬೆಲೆ, ಸಮಯ, ಫೋಟೋ ಸರಿಯಿದೆಯೇ ಎಂದು ನೋಡಿದರೆ ಸಾಕು.

ನಿಮ್ಮ ಕೈಯಲ್ಲಿ ಕಸುಬಿದೆ. ಹುಡುಕುತ್ತಿರುವವರು ಹೊರಗಿದ್ದಾರೆ. ಅವರು ಯಾವ ಪದದಿಂದ ಹುಡುಕುತ್ತಾರೆಂದು ಇಂದು ಸಂಜೆ ನಿಮ್ಮದೇ ಮೊಬೈಲಿನಲ್ಲಿ ಒಮ್ಮೆ ಹುಡುಕಿ ನೋಡಿ. ನಿಮ್ಮ ಊರು, ನಿಮ್ಮ ಕೆಲಸ, ಇಷ್ಟೇ ಬರೆದು ಒತ್ತಿ. ಅಲ್ಲಿ ಯಾರ ಹೆಸರು ಬರುತ್ತದೆ ಎಂಬುದನ್ನು ನೋಡಿದರೆ ಮುಂದೆ ಮಾಡಬೇಕಾದ ಕೆಲಸ ನಿಮಗೇ ತಿಳಿಯುತ್ತದೆ.